ಅಮ್ಮನ ಮಂಡಿಗೆ ಎಮು ಎಣ್ಣೆ

ಮುಂಬಯಿಯಲ್ಲಿ ಹೋಟೆಲು ನಡೆಸುವ ಅಣ್ಣ ಊರಿಗೆ ಬಂದಾಗ ಅಮ್ಮನ ಮಂಡಿನೋವಿಗೆಂದು ಎಮು ಎಣ್ಣೆಯ ಬಾಟಲಿ ತಂದ. ದೊಡ್ಡ ಹಕ್ಕಿಯೊಂದರ ಕೊಬ್ಬಿನಿಂದ ತೆಗೆದದ್ದಂತೆ, ಹಚ್ಚಿದರೆ ಎಲುಬಿನವರೆಗೂ ಇಳಿಯುತ್ತದಂತೆ. ಮಂಡಿ ಸವೆದಿದೆ ಎಂದು ಕುಂದಾಪುರದ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದ್ದರು. ಅಮ್ಮನಿಗೆ ಅವರಿಗಿಂತ ಬಾಟಲಿಯ ಮೇಲಿನ ಹಕ್ಕಿಯಲ್ಲೇ ಹೆಚ್ಚು ನಂಬಿಕೆ. ನನಗೆ ಇಂಥದ್ದನ್ನೆಲ್ಲ ಕಂಡರೆ ಮೈ ಉರಿಯುತ್ತದೆ. ಆದರೂ ದಿನಾ ಸಂಜೆ ತಿಕ್ಕುವ ಕೆಲಸ ಮಗಳಾದ ನನ್ನ ಪಾಲಿಗೇ ಬಂತು.

ಅಮ್ಮನಿಗೆ ಬೇಕಾಗಿದ್ದದ್ದು ಒಂದೇ. ನಾಗರಪಂಚಮಿಯಂದು ಕೊಕ್ಕರ್ಣೆ ಕಡೆಯ ತಾಯಿಯ ಕಡೆಯಿಂದ ಬಂದ ನಮ್ಮ ಮೂಲದ ನಾಗಬನಕ್ಕೆ ತಾನೇ ಹಾಲು ಹಿಡಿದು ಗುಡ್ಡೆ ಹತ್ತಬೇಕು. ಮದುವೆಗೆ ಮೊದಲಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಎಣ್ಣೆ ಹಚ್ಚತೊಡಗಿದ ಮೇಲೆ ನೋವು ಅರ್ಧಕ್ಕರ್ಧ ಇಳಿದಿದೆ ಎಂದು ಸುತ್ತಮುತ್ತ ಎಲ್ಲರಿಗೂ ಹೇಳಿದಳು. ನೆರೆಮನೆಯವರಿಗೂ ತೀರ್ಥ ಕೊಟ್ಟ ಹಾಗೆ ನಾಲ್ಕು ಹನಿ ಕೊಟ್ಟಳು.

ಪಂಚಮಿಗೆ ವಾರವಿದೆ ಎನ್ನುವಾಗ ನಾಗನ ಶುದ್ಧಕ್ಕೆಂದು ಮನೆಯಲ್ಲಿ ಮೀನು ಮಾಂಸ ನಿಂತಿತು. ಹಕ್ಕಿಯ ಕೊಬ್ಬಲ್ಲವೇ ಎಂದು ಎಣ್ಣೆಯ ಬಾಟಲಿಯೂ ಕೊಟ್ಟಿಗೆಗೆ ಹೋಯಿತು. ತಿನ್ನುವುದಲ್ಲವಲ್ಲ, ಹಚ್ಚುವುದು ತಾನೇ ಎಂದು ನಾನು ವಾದಿಸಿದೆ.

“ಎಲುಬಿನ್ ತನ್ಕ ಇಳಿತ್ತ್ ಅಂದ್ರೆ ತಿಂದಂಗೇ ಅಲ್ದಾ?” ಎಂದಳು.

ನೋವು ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಎಣ್ಣೆ ಹಚ್ಚುವಾಗ ಹೇಗಿತ್ತೋ ಹಾಗೆಯೇ ಇತ್ತು. ಒಂದು ಸಂಜೆ ಅಮ್ಮ ಮಂಡಿಯ ಮೇಲೆ ಕೈಯಿಟ್ಟುಕೊಂಡು, ಎಣ್ಣೆ ಇಲ್ಲದೆಯೂ ಅಷ್ಟೇ ನೋವು, ಹಾಗಾದರೆ ಅದು ಏನೂ ಮಾಡಲಿಲ್ಲ ಅಲ್ಲವೇ ಎಂದು ಕೇಳಿದಳು. ಮೊದಲಿನಿಂದಲೂ ನಾನು ಹೇಳುತ್ತಿದ್ದದ್ದು ಅದನ್ನೇ. ಆಗ ಮಾತ್ರ ಹೌದು ಎನ್ನಲು ಬಾಯಿ ಬರಲಿಲ್ಲ. ಪಂಚಮಿ ಕಳೆದ ಮೇಲೆ ಮತ್ತೆ ಹಚ್ಚೋಣ, ಗುಣವಾಗುತ್ತದೆ ಎಂದೆ. ಅಮ್ಮ ನನ್ನ ಮುಖ ನೋಡಿ, ಸೀರೆ ಎಳೆದು ಮಂಡಿ ಮುಚ್ಚಿಕೊಂಡಳು.

ಪಂಚಮಿಯ ಬೆಳಿಗ್ಗೆ ರಿಕ್ಷಾ ಬಂತು. ಅಮ್ಮ ಮಿಂದು, ಹಾಲು, ಸಿಯಾಳ, ಅಡಕೆಯ ಹಿಂಗಾರ, ಅರಿಶಿನದ ಎಲೆ ಎಲ್ಲ ತೆಗೆದಿಟ್ಟಿದ್ದಳು. ಆದರೆ ಉಟ್ಟಿದ್ದದ್ದು ಮನೆಯ ಹಳೆ ಸೀರೆ. ಹಾಲಿನ ತಂಬಿಗೆಯನ್ನು ನನ್ನ ಕೈಗಿಟ್ಟಳು.

“ನಂಗ್ ಹತ್ತುಕಾತಿಲ್ಲೆ ಹೆಣೆ. ಇನ್ಮೇಲ್ ಅಮ್ಮನ ಬದ್ಲ್ ನಾನೇ ಬತ್ತೆ ಅಂದ್ ನಾಗಂಗ್ ಹೇಳಿ ಬಾ.”

ಕಾಲು ಗುಣವಾಗಲಿ ಎಂದು ಕೇಳಿಕೊಳ್ಳಲೇ ಎಂದೆ. ಬೇಡ ಎಂದಳು.

ಬನದ ಎದುರು ನಿಂತಾಗ ಅವಳು ಹೇಳಿ ಕಳಿಸಿದ ಮಾತಿನ ಬದಲು ಅಳು ಬಂತು. ಅಮ್ಮ ಎಲ್ಲಿ ಎಂದು ಭಟ್ಟರು ಕೇಳಿದರು. ಇನ್ನು ಮುಂದೆ ನಾನೇ ಬರುವುದು ಎಂದು ಹೇಳಿ ಹಾಲು ಕೊಟ್ಟೆ.