ಊಟ ಆಯ್ತಾ? ಯಾರ್ದು?

ಮೊನ್ನೆ ಮಡಿಕೇರಿಯಿಂದ ಗಾಳಿಬೀಡಿಗೆ ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲೆ ರಾಗಿ ಹಿಟ್ಟಿನ ಚೀಲವಿತ್ತು. ಆಗಷ್ಟೇ ಮಿಲ್ಲಿನಲ್ಲಿ ಹಿಟ್ಟು ಮಾಡಿಸಿಕೊಂಡದ್ದು, ಇನ್ನೂ ಬಿಸಿ ಆರಿರಲಿಲ್ಲ. ತಿರುವಿನಲ್ಲಿ ಬಸ್ಸು ವಾಲಿದಾಗ ಚೀಲ ಮೆಲ್ಲಗೆ ಜರುಗಿ ನನ್ನ ಹೊಟ್ಟೆಗೆ ಒರಗಿತು. ಗೊತ್ತಿಲ್ಲದೆಯೇ ಅದರ ಮೇಲೆ ಕೈಯಾಡಿಸಿದೆ, ಮುದಿ ಬೆಕ್ಕಿನ ಬೆನ್ನು ಸವರುವ ಹಾಗೆ. ಆಗ ಮಿಲ್ಲಿನಕ್ಕ ನೆನಪಾದಳು.

ಕುಶಾಲನಗರದ ಕಾಲೇಜಿನಲ್ಲಿ ಪಾಠ ಹೇಳುತ್ತ ಪಿ.ಎಚ್.ಡಿ. ಮಾಡುತ್ತಿದ್ದಾಗ ನಾನು ಬಾಡಿಗೆಗೆ ಇದ್ದದ್ದು ಅವಳ ಹಿಟ್ಟಿನ ಮಿಲ್ಲಿನ ಮೇಲಿನ ಕೋಣೆಯಲ್ಲಿ. ಕೆಳಗೆ ಮುಂಭಾಗದಲ್ಲಿ ಮಿಲ್ಲು, ಗೋಡೆಯ ಆಚೆ ಅಡುಗೆಮನೆ. ಗಂಡಹೆಂಡಿರು ಹಾಸನದ ಕಡೆಯಿಂದ ಬಂದು ನೆಲೆನಿಂತವರು. ಯಜಮಾನರು ಮೆಷಿನ್ ನೋಡಿಕೊಳ್ಳುತ್ತಿದ್ದರು, ಅಕ್ಕ ತೂಕ ಮತ್ತು ಮಾತು. ಮೆಷಿನ್ ಸದ್ದಿನಲ್ಲೇ ಆಯುಷ್ಯ ಕಳೆದ ಯಜಮಾನರಿಗೆ ಕಿವಿ ಮಂದವಾಗಿತ್ತು. ಇಬ್ಬರೂ ಮನೆಯೊಳಗೂ ಕೂಗಿಯೇ ಮಾತಾಡುತ್ತಿದ್ದರು. ಮೊದಲ ಕೆಲವು ದಿನ ಇವರು ಜಗಳವಾಡುತ್ತಾರೆಂದೇ ನಾನು ತಿಳಿದಿದ್ದೆ.

ಅವರದೊಂದು ಬೆಕ್ಕಿತ್ತು. ನನ್ನ ನೆನಪಿನಲ್ಲಿ ಅದು ಬಿಳಿ ಬೆಕ್ಕು. ಆದರೆ ಅದರ ಹೆಸರು ಕರಿಯ. ಬಿಳಿ ಬೆಕ್ಕಿಗೆ ಆ ಹೆಸರೇಕೆ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಕರಿಯನಿಗೆ ಉಬ್ಬಸ ಶುರುವಾಗಿ, ಹಿಟ್ಟಿನ ಧೂಳು ಆಗದೆಂದು ಡಾಕ್ಟರು ಹೇಳಿ, ಅಕ್ಕ ಅದನ್ನು ಮಿಲ್ಲಿಗೆ ಬಿಡದೆ ಅಡುಗೆಮನೆಯಲ್ಲೇ ಇರಿಸಿಕೊಂಡ ಮೇಲೆ ಉತ್ತರ ಸಿಕ್ಕಿತು. ನೆಕ್ಕಿ ನೆಕ್ಕಿ ಬೆಕ್ಕು ಕಪ್ಪಾಯಿತು. ನಾನು ಅಷ್ಟು ದಿನ ನೋಡಿದ್ದು ಹಿಟ್ಟು. ಹಾಗಿದ್ದರೂ ಇವತ್ತು ಕಣ್ಣು ಮುಚ್ಚಿದರೆ ಬರುವುದು ಬಿಳಿ ಬೆಕ್ಕೇ. ನನ್ನ ನೆನಪುಗಳ ಮೇಲೆ ನಾನು ಹೆಚ್ಚು ಭಾರ ಹಾಕದಿರುವುದಕ್ಕೆ ಇದೂ ಒಂದು ಕಾರಣ...

ಆ ಉಬ್ಬಸಕ್ಕೆಂದು ರಕ್ತ ಪರೀಕ್ಷೆ ಮಾಡಿಸಿದಾಗಲೇ ಉಳಿದದ್ದೂ ಹೊರಬಿತ್ತು. ಕರಿಯನಿಗೆ ಶುಗರ್ ಇತ್ತು. ಕಿಡ್ನಿಯೂ ಸೋತಿತ್ತು. ಬಾಯಲ್ಲಿ ಲೆಕ್ಕಕ್ಕೆ ಸಿಗುವಂಥ ಹಲ್ಲಿರಲಿಲ್ಲ. ಅನ್ನ, ಹಾಲು, ಮುದ್ದೆ ಎಲ್ಲ ಬಂದ್, ಮಾಂಸ ಮೀನು ಕೊಡಿ ಎಂದರು ಡಾಕ್ಟರು. ಕಿಡ್ನಿಗೆ ಅದೂ ಹೆಚ್ಚಾಗಬಾರದು ಎಂದೂ ಅವರೇ ಹೇಳಿದರು. ಬೆಳಿಗ್ಗೆ ಸಂಜೆ ಇನ್ಸುಲಿನ್. ಮೊದಲು ಊಟ, ಆಮೇಲೆ ಸೂಜಿ. ತಿನ್ನದಿದ್ದರೆ ಸೂಜಿ ಚುಚ್ಚದೆ ಫೋನ್ ಮಾಡಿ.

ರಾಗಿ, ಗೋಧಿ, ಅಕ್ಕಿಯ ಮೂಟೆಗಳ ನಡುವೆ ಹುಟ್ಟಿ ಬೆಳೆದ ಬೆಕ್ಕಿಗೆ ಅದರಲ್ಲಿ ಒಂದನ್ನೂ ಮುಟ್ಟುವಂತಿಲ್ಲ ಎಂಬುದು ನನಗೆ ವಿಚಿತ್ರವಾಗಿ ಕಂಡಿತು. ಅಕ್ಕನಿಗೆ ಹಾಗೇನೂ ಅನ್ನಿಸಿದಂತಿರಲಿಲ್ಲ. ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತ ಬರುವ ಮೀನಿನವನ ಹತ್ತಿರ ಮುಳ್ಳು ಕಡಿಮೆಯಿರುವ ಮೀನು ಆರಿಸುತ್ತಿದ್ದಳು. ಅವನು ಮಲಯಾಳ ಬೆರೆತ ಕನ್ನಡದಲ್ಲಿ, ಬೆಕ್ಕನ್ನು ಪೂಚ್ಚೆ ಎನ್ನುತ್ತ, ಛೇಡಿಸುತ್ತಿದ್ದ.

“ಅಕ್ಕಾ, ಪೂಚ್ಚೆಗೆ ಒಳ್ಳೆ ಮೀನು. ಯಜಮಾನರಿಗೆ ಎಂತದು?”

“ಅವರಿಗೆ ಹಲ್ಲೈತೆ. ಏನ್ ಕೊಟ್ರೂ ಅಗೀತಾರೆ, ನೀನ್ ತೂಗು.”

ಉಪ್ಪು ಖಾರವಿಲ್ಲದೆ ಬೇಯಿಸಿ, ಬೆರಳಿನಲ್ಲಿ ಮುಳ್ಳು ಹುಡುಕಿ ತೆಗೆದು, ಬೇಯಿಸಿದ ನೀರಿನಲ್ಲೇ ನುಣ್ಣಗೆ ಹಿಸುಕಿ ತಟ್ಟೆಯಲ್ಲಿ ಇಡುವಳು. ಸೂಜಿ ಕಂಡರೆ ಅವಳು ಮುಖ ತಿರುಗಿಸುತ್ತಿದ್ದಳು. ಹಾಗಾಗಿ ಊಟ ಅವಳದು, ಸೂಜಿ ಯಜಮಾನರದು.

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಗೋಡೆಯಾಚೆ ಮೆಷಿನ್ ಓಡುತ್ತಿದ್ದರೆ ಮಾತ್ರ ಕರಿಯ ತಿನ್ನುತ್ತಿತ್ತು. ಕರೆಂಟ್ ಹೋದರೆ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿತ್ತು. “ಸದ್ದಿಲ್ದೆ ಇದ್ರೆ ಅದಕ್ಕೆ ಹೊತ್ತೇ ಗೊತ್ತಾಗಲ್ಲ ಕಣಮ್ಮಿ,” ಎನ್ನುತ್ತಿದ್ದಳು ಅಕ್ಕ. ನಿಜವೋ, ಅಕ್ಕ ನಂಬಿದ್ದರಿಂದ ನಾನೂ ಹಾಗೆಯೇ ಕಂಡೆನೋ ಹೇಳಲಾರೆ. ಪರೀಕ್ಷಿಸಲೆಂದು ಮೊಬೈಲಿನಲ್ಲಿ ಮೆಷಿನ್ ಸದ್ದು ರೆಕಾರ್ಡ್ ಮಾಡಿಕೊಂಡು, ಕರೆಂಟ್ ಹೋದಾಗ ಕರಿಯನ ಮುಂದೆ ಹಾಕಿದ್ದುಂಟು. ಅದು ಫೋನನ್ನು ಮೂಸಿ, ನನ್ನ ಮುಖ ನೋಡಿ, ಎದ್ದು ಹೋಯಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಪಿ.ಎಚ್.ಡಿ. ಓದೋರಿಗೆ ಇಂಥದೆಲ್ಲ ಹೊಳೀತದೆ.”

ಆ ಸಂಜೆಯೂ ಕರೆಂಟ್ ಹೋಗಿತ್ತು. ತಟ್ಟೆ ಮುಂದಿದ್ದರೂ ಕರಿಯ ಬಾಯಿ ಹಾಕಿರಲಿಲ್ಲ. ಕರೆಂಟ್ ಬರುತ್ತಲೇ ಕಾದು ನಿಂತಿದ್ದ ಜನ ನುಗ್ಗಿದರು, ಅಕ್ಕ ತೂಕಕ್ಕೆ ಓಡಿದಳು, ಮೆಷಿನ್ ಹೊರಟಿತು. ಸೂಜಿಯ ಹೊತ್ತು ಮೀರುತ್ತಿತ್ತು. ಯಜಮಾನರು ಕೈ ಒರೆಸಿಕೊಂಡು ಒಳಗೆ ಹೋಗುತ್ತ ಬಾಗಿಲಿನಿಂದಲೇ ಕೂಗಿದರು.

“ಊಟ ಆಯ್ತಾ?”

“ಆಯ್ತು,” ಎಂದು ಕೂಗಿದಳು ಅಕ್ಕ, ತಕ್ಕಡಿಯಿಂದ ಕಣ್ಣು ತೆಗೆಯದೆ.

ಕೇಳಿದವರಿಗೆಲ್ಲ ನಾವು ಕೊಡುವ ಉತ್ತರವೇ ಅದು. ದಾರಿಯಲ್ಲಿ ಕೇಳಿದರೂ ಆಯ್ತು, ಹಸಿದಿದ್ದರೂ ಆಯ್ತು. ಅವಳಿಗೆ ಅದು ಪ್ರಶ್ನೆಯಾಗಿ ಕೇಳಿಸಿಯೇ ಇರಲಿಕ್ಕಿಲ್ಲ. ಯಜಮಾನರು ತಟ್ಟೆಯ ಕಡೆ ನೋಡದೆ ಸೂಜಿ ಚುಚ್ಚಿ ಮೆಷಿನ್ನಿಗೆ ಮರಳಿದರು.

ಜನ ಕರಗಿದ ಮೇಲೆ ಅಕ್ಕ ಒಳಗೆ ಹೋಗಿ ನೋಡಿದರೆ, ಅಷ್ಟು ಹೊತ್ತು ಮೆಷಿನ್ ಓಡಿದ್ದರೂ ತಟ್ಟೆ ಇಟ್ಟ ಹಾಗೆಯೇ ಇದೆ. ಒಲೆಯ ಪಕ್ಕದಲ್ಲಿ ಕರಿಯ ಕುಡಿದವರಂತೆ ತೂರಾಡುತ್ತಿತ್ತು. ಆಮೇಲೆ ಮಲಗಿತು, ಕರೆದರೆ ತಲೆ ಎತ್ತಲಿಲ್ಲ. ಅಕ್ಕ ಕೂಗಿದ್ದು ನನಗೆ ಮೇಲಕ್ಕೆ ಕೇಳಿಸಿತು. ನಾನು ಇಳಿದು ಬಂದು ಡಾಕ್ಟರಿಗೆ ಫೋನ್ ಹಚ್ಚಿ ಅವಳ ಕಿವಿಗಿಟ್ಟೆ. ಒಸಡಿಗೆ ಜೇನು ಸವರಿ, ಕೂಡಲೇ ಹೊರಟು ಬನ್ನಿ ಎಂದರು. ಯಾವ ಸಿಹಿಯೂ ಸೋಕಬಾರದ ಬಾಯಿಗೆ ಅಕ್ಕ ಬೆರಳಿನಿಂದ ಜೇನು ತೀಡಿದಳು. ಯಜಮಾನರು ಮೂಟೆಯ ಮೇಲೆ ಕುಸಿದು ಕೂತಿದ್ದರು.

“ನೀನೇ ಆಯ್ತು ಅಂದ್ಯಲ್ಲೇ...”

“ನಂದು ಆಯ್ತು ಅಂದೆ ಕಣ್ರೀ. ನಂದೂ ಆಗಿರ್ಲಿಲ್ಲ.”

ಮೊದಲ ಸಲ ಅವರಿಬ್ಬರೂ ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ. ಇಲ್ಲ, ಇದನ್ನು ನಾನು ಖಚಿತವಾಗಿ ಹೇಳಬಾರದು. ಮೆಷಿನ್ ನಿಂತಿದ್ದರಿಂದ ಹಾಗೆ ಅನ್ನಿಸಿರಬಹುದು.

ಕರಿಯ ಬದುಕಿತು. ಆಟೋದಲ್ಲಿ ಹೋಗುವಾಗಲೇ ಅಕ್ಕನ ಬೆರಳು ನೆಕ್ಕಿತಂತೆ. ಆದರೆ ಯಜಮಾನರು ಮತ್ತೆ ಸೂಜಿ ಮುಟ್ಟಲಿಲ್ಲ. ಅಕ್ಕನೇ ಕಲಿತಳು. ಮೊದಲ ದಿನಗಳಲ್ಲಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಚುಚ್ಚಲು ಹೋಗಿ, “ನೋಡ್ಕಂಡ್ ಚುಚ್ಚೇ,” ಎಂದು ಬಾಗಿಲಾಚೆಯಿಂದ ಯಜಮಾನರ ಹತ್ತಿರ ಬೈಸಿಕೊಂಡಳು. ಆ ಬೈಗುಳ ಕೇಳಿದಾಗ ನನಗೆ ಸಮಾಧಾನವಾಯಿತು. ಮತ್ತೆ ಕೂಗಲು ಶುರುಮಾಡಿದ್ದರು.

ಅಂದಿನಿಂದ ಆ ಮನೆಯಲ್ಲಿ “ಊಟ ಆಯ್ತಾ?” ಎಂದು ಯಾರು ಕೇಳಿದರೂ ಅಕ್ಕನ ಉತ್ತರ ಒಂದೇ: “ಯಾರ್ದು?”

ರಾಗಿ ತಂದವರು, ಕರೆಂಟ್ ಬಿಲ್ ಕೊಡುವವನು, ಮೀನಿನವನು, ಯಾರೇ ಆಗಲಿ. ಕೆಲವರು ನಕ್ಕರು, ಕೆಲವರು ಮುಖ ಗಂಟು ಹಾಕಿದರು. ಮೀನಿನವನಂತೂ ಸ್ಕೂಟರ್ ನಿಲ್ಲಿಸುವಾಗಲೇ “ಕರಿಯಂದು ಆಯ್ತಾ, ಯಜಮಾನರದು ಆಯ್ತಾ, ಅಕ್ಕಂದು ಆಯ್ತಾ” ಎಂದು ಹಾಜರಿ ಕರೆಯುವವನಂತೆ ಕೇಳತೊಡಗಿದ. ಅಕ್ಕ ಒಂದೊಂದಕ್ಕೂ ಗಂಭೀರವಾಗಿ ಉತ್ತರ ಕೊಡುತ್ತಿದ್ದಳು. ತನ್ನದು ಆಗಿರದಿದ್ದರೆ ಆಗಿಲ್ಲವೆಂದೇ ಹೇಳುತ್ತಿದ್ದಳು. ಎಷ್ಟೋ ದಿನ ಅವಳದು ಆಗಿರುವುದಿಲ್ಲ ಎಂದು ನನಗೆ ತಿಳಿದದ್ದೇ ಹಾಗೆ.

ನನಗೆ ಮಡಿಕೇರಿಗೆ ವರ್ಗವಾಯಿತು. ಹೊರಡುವಾಗ ಕರಿಯ ತಿನ್ನುತ್ತಿತ್ತು, ತಲೆ ಎತ್ತಲಿಲ್ಲ. ಮತ್ತೆ ಅಲ್ಲಿಗೆ ಹೋದದ್ದು ಬೇಸಿಗೆಯಲ್ಲೋ, ಮಳೆ ಶುರುವಾದ ಮೇಲೋ... ಮಿಲ್ಲಿನ ನೆಲ ಒದ್ದೆಯಿದ್ದಂತೆ ನೆನಪು, ಅದನ್ನೂ ನಂಬುವಂತಿಲ್ಲ. ಅಕ್ಕ ತಕ್ಕಡಿಯ ಹತ್ತಿರ ನಿಂತಿದ್ದಳು. ಅವಳು “ಯಾರ್ದು?” ಎನ್ನುವುದನ್ನು ಕೇಳುವ ಆಸೆಯಿಂದಲೇ ನಾನು ಹೊರಗಿನಿಂದ ಕೂಗಿದೆ.

“ಊಟ ಆಯ್ತಾ ಅಕ್ಕ?”

“ಆಯ್ತು ಕಣಮ್ಮಿ,” ಎಂದಳು. “ಬಾ ಒಳಕ್ಕೆ.”

ನಾನು ಹೊಸ್ತಿಲಲ್ಲೇ ನಿಂತೆ. ಕರಿಯ ಹೋಯಿತೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಈಗ ಅಕ್ಕನೂ ಇಲ್ಲ. ಮಿಲ್ಲು ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಯಜಮಾನರು ತಂಗಿಯ ಮನೆ ಸೇರಿದ್ದಾರೆಂದು ಕೇಳಿದ್ದೇನೆ. ಅಲ್ಲಿ ಅವರ ಕಿವಿಗೆ ಮುಟ್ಟುವಷ್ಟು ಯಾರಾದರೂ ಕೂಗುತ್ತಾರೋ ಇಲ್ಲವೋ.

ಅಂದಹಾಗೆ, ಬಸ್ಸಿನಲ್ಲಿ ಹಿಟ್ಟಿನ ಚೀಲ ಸವರುವಾಗ ಅಕ್ಕ ನೆನಪಾದಳು ಎಂದು ಮೊದಲು ಬರೆದೆ. ಅದು ಪೂರ್ತಿ ಸರಿಯಲ್ಲ. ಅದಕ್ಕೂ ಮುಂಚೆ, ಹಿಟ್ಟು ಮಾಡಿಸುವಾಗಲೇ ಅವಳು ಬಂದಿದ್ದಳು. ಮೆಷಿನ್ ಸದ್ದಿನ ಮೇಲೆ ದನಿ ಏರಿಸಿ ಅಲ್ಲಿಯ ಮಿಲ್ಲಿನವನು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದ.

“ಊಟ ಆಯ್ತಾ ಮೇಡಂ?”

“ಯಾರ್ದು?” ಎಂದುಬಿಟ್ಟೆ.

ಅವನು ಚೀಲದ ಬಾಯಿ ಕಟ್ಟುತ್ತ ನಕ್ಕ. “ನಿಮ್ದೇ ಮೇಡಂ. ಇನ್ಯಾರ್ದು?”

ಬಸ್ಸು ಗಾಳಿಬೀಡು ತಲುಪುವಷ್ಟರಲ್ಲಿ ತೊಡೆಯ ಮೇಲಿನ ಹಿಟ್ಟು ತಣ್ಣಗಾಗಿತ್ತು.