ಕರ್ಕಾಟಕದ ಗೆರೆ

ಅಫಜಲಪುರದಲ್ಲಿ ನಮಗೆ ಭೂಗೋಳ ಕಲಿಸುತ್ತಿದ್ದ ಟೀಚರು ಗ್ಲೋಬಿನ ಧೂಳನ್ನು ಸೆರಗಿನಿಂದ ಒರೆಸಿಯೇ ಪಾಠ ಶುರು ಮಾಡುತ್ತಿದ್ದರು. ಏನು ಕೇಳಿದರೂ, "ಜರಾ ತಡೀರಿ, ಖಾತ್ರಿ ಮಾಡ್ಕೊಂಡು ಹೇಳ್ತೇನಿ" ಎನ್ನುತ್ತಿದ್ದರು.

ಒಮ್ಮೆ ಮಾತ್ರ ಖಾತ್ರಿ ಮಾಡಿಕೊಳ್ಳಲಿಲ್ಲ. ಜೂನ್ ಇಪ್ಪತ್ತೊಂದರಂದು ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲೆ ನೇರವಾಗಿ ನಿಲ್ಲುವ ಸೂರ್ಯ ಯಾವ ರಾಶಿಯಲ್ಲಿರುತ್ತಾನೆ ಎಂಬ ಪ್ರಶ್ನೆಗೆ ನಾನು ಮಿಥುನ ಎಂದು ಬರೆದಿದ್ದೆ. ಅದರ ಮೇಲೆ ಕೆಂಪು ಗೀಟು ಬಿತ್ತು, ಪಕ್ಕದಲ್ಲಿ ಕರ್ಕಾಟಕ ಎಂಬ ತಿದ್ದುಪಡಿ. ವಾದಿಸುವುದು ನನ್ನ ಸ್ವಭಾವವಲ್ಲ. ಮರುದಿನ ನಮ್ಮ ಮನೆಯ ಪಂಚಾಂಗವನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ಎರಡು ದಿನ ಬಿಟ್ಟು ಅವರು ತರಗತಿಗೆಲ್ಲ ಹೇಳಿದರು: "ತಪ್ಪು ನಂದೇ ಅದ. ಎರಡು ಸಾವಿರ ವರ್ಷದ ಹಿಂದ ಹೆಸರಿಟ್ಟಾಗ ಆ ದಿನ ಸೂರ್ಯ ಕರ್ಕಾಟಕದಾಗೇ ಇದ್ದ. ಭೂಮಿ ವಾಲೋ ದಿಕ್ಕು ನಿಧಾನಕ್ಕ ಬದಲಾಗಿ ಈಗ ಮಿಥುನದಾಗ ಕಾಣ್ತಾನ. ಗೆರಿ ಹೆಸರು ಹಂಗೇ ಉಳದದ."

"ಪಂಚಾಂಗ ಯಾರ್ದರಿ ಟೀಚರ್?" ಹಿಂದಿನ ಬೆಂಚಿನವಳು ಕೇಳಿದಳು.

"ನಿಂದಂತೂ ಅಲ್ಲ ಬೇ."

ಆಮೇಲೆ ಅವರಿಗೆ ಜೇವರ್ಗಿಗೆ ವರ್ಗವಾಯಿತು. ವರ್ಷಗಳ ನಂತರ ಹಾಸ್ಟೆಲಿನಲ್ಲಿ ಜೇವರ್ಗಿಯ ಗೆಳತಿಯೊಬ್ಬಳು ಹೇಳಿದಳು: "ನಮ್ಮ ಭೂಗೋಳದ ಟೀಚರ್ ಕರ್ಕಾಟಕದ ಗೆರಿ ಪಾಠ ಬಂದಾಗೆಲ್ಲ, ಇದನ್ನ ನನಗ ಅಫಜಲಪುರದ ಹುಡುಗಿಯೊಬ್ಬಾಕಿ ಕಲಿಸಿದಳು ಅಂತಿದ್ರು."

ಆ ಹುಡುಗಿ ಯಾರೆಂದು ನಾನು ಹೇಳಲಿಲ್ಲ. ಅಲ್ಲಿಯೂ ಗ್ಲೋಬನ್ನು ಸೆರಗಿನಿಂದ ಒರೆಸುತ್ತಿದ್ದರೇ ಎಂದಷ್ಟೇ ಕೇಳಿದೆ.