ಗೆಡ್ಡೆ ಮಿಸ್ಸಿನ ತಾತ

ವೈಟ್‌ಫೀಲ್ಡಿನ ಮುಖ್ಯರಸ್ತೆಯನ್ನು ದಾಟಲು ನಾವೆಲ್ಲ ಕಾಯುತ್ತೇವೆ. ಗೆಡ್ಡೆ ಮಿಸ್ಸು ಮಾತ್ರ ಕಾಯುತ್ತಿರಲಿಲ್ಲ. ಮಡಚಿದ ಕಪ್ಪು ಕೊಡೆಯನ್ನು ಪೊಲೀಸಿನವನ ಲಾಠಿಯಂತೆ ಮುಂದೆ ಚಾಚಿ, ಹೂಹೂವಿನ ಫ್ರಾಕಿನಲ್ಲಿ, ಎಡಬಲ ನೋಡದೆ ಇಳಿದುಬಿಡುತ್ತಿದ್ದರು. ನೀರಿನ ಟ್ಯಾಂಕರು, ಕಂಪನಿ ಬಸ್ಸು, ಊಟ ಹೊತ್ತ ಬೈಕುಗಳು ಎಲ್ಲ ನಿಲ್ಲಬೇಕು. ಆಚೆ ದಡ ಸೇರಿದ ಮೇಲೆ ಹಿಂದಿರುಗಿ ಅಷ್ಟೂ ಗಾಡಿಗಳಿಗೆ ಒಮ್ಮೆ ತಲೆಬಾಗುತ್ತಿದ್ದರು. ಬೈಯಲೆಂದು ಬಾಯಿ ತೆರೆದ ಡ್ರೈವರುಗಳು ಗೇರು ಬದಲಿಸಿ ಹೊರಡುತ್ತಿದ್ದರು.

ಅವರ ಪೂರ್ತಿ ಹೆಸರು ಡೊರೊಥಿ ಗೆಡ್ಡೆಸ್ ಪಿರೇರಾ. ಆಂಗ್ಲೋ ಇಂಡಿಯನ್ ಮನೆತನದವರು. ಮದುವೆಯಾಗಲಿಲ್ಲ. ಇನ್ನರ್ ಸರ್ಕಲ್ಲಿನ ಹಳೆಯ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಇಮ್ಮಡಿಹಳ್ಳಿಯ ನಮ್ಮಂಥ ರೈತರ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು ಅವರೇ. ಹಾಜರಿ ಪುಸ್ತಕದ ಮೇಲೆ ಅವರ ಹೆಸರು ಓದಿದ ಯಾರೋ ನಡುವಿನ ತುಂಡನ್ನು ಹಿಡಿದುಕೊಂಡರು. ಅಂದಿನಿಂದ ಅವರು ಮೂರು ತಲೆಮಾರಿಗೆ ಗೆಡ್ಡೆ ಮಿಸ್ಸು. ಅವರಿಗೂ ಅದು ಗೊತ್ತಿತ್ತು. ಆಲೂಗೆಡ್ಡೆ ಚಿತ್ರ ಬೋರ್ಡಿನ ಮೇಲೆ ಬರೆದವನನ್ನು ಕರೆದು, ಅದಕ್ಕೆ ಇಂಗ್ಲಿಷಿನಲ್ಲಿ ಹೆಸರು ಬರೆಸಿ, ತಪ್ಪು ತಿದ್ದಿ ಕಳಿಸಿದ್ದರು.

ನಾನು ಓದಿ, ಟೆಕ್ ಪಾರ್ಕಿನ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ ಮೇಲೂ ಅವರ ಒಡನಾಟ ತಪ್ಪಲಿಲ್ಲ. ನಮ್ಮ ರಾಗಿ ಹೊಲದಲ್ಲಿ ಈಗ ಪಿ.ಜಿ. ಕಟ್ಟಡ ಎದ್ದಿದೆ, ಆದರೆ ಭಾನುವಾರದ ಮುದ್ದೆ ನಿಂತಿಲ್ಲ. ಮಿಸ್ಸು ಪ್ರತಿ ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ನೇರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗುವುದರಲ್ಲಿ ನಮ್ಮ ಅತ್ತಿಗೆಯರನ್ನೂ ಮೀರಿಸಿದ್ದರು. "ಮುದ್ದೆ ಅಗಿಬಾರ್ದು, ನುಂಗ್ಬೇಕು. ಸುದ್ದಿ ನುಂಗ್ಬಾರ್ದು, ಅಗಿಬೇಕು" ಎನ್ನುವುದು ಅವರದೇ ಗಾದೆ. ಯಾರಾದರೂ ಊರಿನ ಮಾತು ತಂದರೆ, ನೋಡಿದವರು ಯಾರು, ಹೇಳಿದವರು ಯಾರು ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದರು.

ಆ ಅಭ್ಯಾಸದ ಮೂಲ ನನಗೆ ತಿಳಿದದ್ದು ನವೆಂಬರ್ ಎರಡರಂದು, ಅವರ ಸಭೆ ಸತ್ತವರಿಗಾಗಿ ಪ್ರಾರ್ಥಿಸುವ ದಿನ. ಹೂವಿನ ಬುಟ್ಟಿ ಹಿಡಿದು ನಾನೂ ಸ್ಮಶಾನಕ್ಕೆ ಹೋಗಿದ್ದೆ. ಅಪ್ಪ, ಅಮ್ಮ, ಅಜ್ಜಿಯ ಸಮಾಧಿಗಳಿಗೆ ಮೇಣದಬತ್ತಿ ಹಚ್ಚಿದರು. ತಾತನದು ಎಲ್ಲಿ ಎಂದು ನಾನು ಕೇಳಿದೆ. ಕೈಮೇಲೆ ಬಿದ್ದ ಬತ್ತಿಯ ಮೇಣವನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಹೇಳಿದರು.

ತಾಯಿಯ ತಂದೆ ಜೇಮ್ಸ್ ರಾಬರ್ಟ್‌ಸನ್, ಸ್ಕಾಟ್ಲೆಂಡಿನವನು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದು, ಗಣಿ ಆಸ್ಪತ್ರೆಯ ದಾದಿಯಾಗಿದ್ದ ರೋಸ್ ಎಂಬ ಇಲ್ಲಿಯ ಹುಡುಗಿಯನ್ನು ಮದುವೆಯಾದ. ಗಾಳಿ ಚೆನ್ನಾಗಿದೆಯೆಂದು ವೈಟ್‌ಫೀಲ್ಡಿಗೆ ಬಂದು ಮನೆ ಮಾಡಿದ. ಮಗಳು ಸಣ್ಣವಳಿದ್ದಾಗ, ಊರಿನಲ್ಲಿ ತನ್ನ ತಾಯಿಗೆ ಕಾಯಿಲೆಯೆಂದು ಹಡಗು ಹತ್ತಿದ. ಮೊದಲಿಗೆ ಪತ್ರಗಳು ಬಂದವು, ಆಮೇಲೆ ನಿಂತವು. ಅಲ್ಲೊಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದು ಊರು ತೀರ್ಮಾನಿಸಿತು. ಅಜ್ಜಿ ಒಪ್ಪಲಿಲ್ಲ, ವಿಧವೆಯರ ಕಪ್ಪು ಬಟ್ಟೆಯನ್ನೂ ಉಡಲಿಲ್ಲ. ಮಗಳು ಒಪ್ಪಿಬಿಟ್ಟಳು. ಮಿಸ್ಸಿನ ಅಮ್ಮ ಸಾಯುವವರೆಗೂ ತಂದೆಯ ಹೆಸರನ್ನು ಬೈಗುಳವಾಗಿ ಮಾತ್ರ ಬಳಸಿದಳಂತೆ. ಈ ದಿನ ಚರ್ಚಿನಲ್ಲಿ ಓದುವ ಸತ್ತವರ ಹೆಸರುಗಳಲ್ಲಿ ಅವನದು ಒಮ್ಮೆಯೂ ಸೇರಿಲ್ಲ.

ಇಷ್ಟು ಕಾಲವಾದ ಮೇಲೆ ಸತ್ತೇ ಇರುತ್ತಾರಲ್ಲ ಎಂದೆ.

"ವಯಸ್ಸಾಗಿದೆ ಅಂತ ನಾವೇ ಒಬ್ರನ್ನ ಸಾಯ್ಸಕ್ಕಾಗಲ್ಲ ಮಂಜು," ಎಂದರು. "ಆ ಮನುಷ್ಯ ಒಳ್ಳೆಯವನಾಗಿದ್ನಾ ಅಂತ ನಾನು ಕೇಳ್ತಿಲ್ಲ. ಎಲ್ಲಿ ಸತ್ತ, ಹೇಗೆ ಸತ್ತ, ಅಷ್ಟು ಸಾಕು."

ಸ್ಕಾಟ್ಲೆಂಡಿನ ಹಳೆಯ ಜನನ ಮರಣದ ದಾಖಲೆಗಳನ್ನು ಈಗ ಕಂಪ್ಯೂಟರಿನಲ್ಲೇ ಹುಡುಕಬಹುದೆಂದು ಆಫೀಸಿನಲ್ಲಿ ಯಾರೋ ಹೇಳಿದ್ದು ನೆನಪಿತ್ತು. ಮುಂದಿನ ಭಾನುವಾರದಿಂದ ಊಟದ ತಟ್ಟೆಗಳನ್ನು ಎತ್ತಿ ಆ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟೆವು. ಕಷ್ಟ ಹೆಸರಿನದೇ. ಜೇಮ್ಸ್ ರಾಬರ್ಟ್‌ಸನ್ ಅಂದರೆ ಅಲ್ಲಿ ನಮ್ಮ ಕಡೆಯ ಮುನಿಯಪ್ಪನ ಹಾಗೆ, ಕರೆದರೆ ಬೀದಿಯೇ ತಿರುಗುತ್ತದೆ. ಆದರೂ ಕೆಲವು ವಾರಗಳಲ್ಲಿ ಒಬ್ಬ ಸಿಕ್ಕಿದ. ವಯಸ್ಸು ಸರಿಹೊಂದಿತು, ಕಸುಬು ಗಣಿ ಕೆಲಸ, ಸತ್ತದ್ದು ಗ್ಲಾಸ್ಗೋದಲ್ಲಿ. ಹೆಂಡತಿಯ ಹೆಸರು ಬೇರೆ, ಸಾವನ್ನು ತಿಳಿಸಿದವನು ಮಗ.

ಮಿಸ್ಸು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಊರು ಹೇಳಿದ್ದೇ ಸರಿ" ಎಂದು ಎದ್ದು ಹೋದರು. ಮುಂದಿನ ಭಾನುವಾರ ಊಟಕ್ಕೆ ಬರಲಿಲ್ಲ. ಅವ್ವ ಡಬ್ಬಿ ಕಳಿಸಿದರೆ ಬಾಗಿಲಲ್ಲೇ ತೆಗೆದುಕೊಂಡರಂತೆ.

ಅದರ ಮುಂದಿನ ವಾರ ಬಂದರು, ಬಸ್ಸಿನ ಧೂಳಿನ ಸಮೇತ. ಒಬ್ಬರೇ ಕೋಲಾರದ ಗಣಿಯೂರಿಗೆ ಹೋಗಿ, ಪಾದ್ರಿಯನ್ನು ಹಿಡಿದು, ಅಜ್ಜಿಯ ಮದುವೆಯ ದಾಖಲೆ ನೋಡಿ ಬಂದಿದ್ದರು. ಅಲ್ಲಿ ವರನ ತಂದೆ ಅಲೆಕ್ಸಾಂಡರ್ ಎಂದಿತ್ತು. ಗ್ಲಾಸ್ಗೋದವನ ತಂದೆ ಪೀಟರ್. "ಒಂದು ವಾರ ಯಾರೋ ಮುನಿಯಪ್ಪನಿಗೆ ಶಾಪ ಹಾಕಿದೀನಿ ಕಣಮ್ಮ. ಅಗೀದೇ ನುಂಗ್ಬಿಟ್ಟೆ ನೋಡು" ಎಂದು ತಮ್ಮ ಮೇಲೆ ತಾವೇ ಸಿಟ್ಟಾದರು. ಮತ್ತೆ ಹುಡುಕಿದೆವು. ಅವನ ತಾಯಿಯ ತವರಿನ ಮನೆತನದ ಹೆಸರು ಗೊತ್ತಿದ್ದರೆ ಹುಡುಕಾಟ ಸುಲಭವಾಗುತ್ತಿತ್ತು. ಸ್ಕಾಟ್ಲೆಂಡಿನವರು ಸಾವಿನ ದಾಖಲೆಯಲ್ಲಿ ಅದನ್ನೂ ಬರೆಯುತ್ತಾರೆ. ಆದರೆ ನಮ್ಮ ಗಣಿಯೂರಿನ ಪಾದ್ರಿ ತಾಯಂದಿರ ಹೆಸರನ್ನೇ ಬರೆದಿರಲಿಲ್ಲ.

ದಾರಿ ತೋರಿಸಿದ್ದು ಅಡುಗೆಮನೆ. ಒಂದು ಭಾನುವಾರ ಅವ್ವ ಸುವರ್ಣಗೆಡ್ಡೆಯ ಸಾರು ಬಡಿಸುತ್ತ, "ನಿಮ್ಮೆಸರಿನ ಸಾರೇ ಮಾಡಿವ್ನಿ ಮಿಸ್ಸಮ್ಮ. ಅದ್ಯಾರ್ ಇಟ್ರು ಇಂಥ ಎಸ್ರ?" ಎಂದಳು.

ಮಿಸ್ಸು ನಕ್ಕರು. "ಗೌರಮ್ಮ, ಇದು ನಮ್ಮಮ್ಮನ ಹೆಸರಿಂದ ಬಂದಿದ್ದು. ಅವಳು ಆಗ್ನೆಸ್ ಗೆಡ್ಡೆಸ್. ಅವಳಿಗೆ ಅವರಪ್ಪ..." ಎಂದವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟರು. ಅವರು ನನ್ನನ್ನು ನೋಡಿದರು, ನಾನು ಅವರನ್ನು. ಗೆಡ್ಡೆಸ್ ಎನ್ನುವುದು ಹುಡುಗಿಯ ಹೆಸರಲ್ಲ, ಮನೆತನದ ಹೆಸರು. ಅವನು ಮಗಳಿಗೆ ತನ್ನ ತಾಯಿಯ ತವರಿನ ಹೆಸರನ್ನು ಇಟ್ಟಿರಬೇಕು. ಕೈ ತೊಳೆಯಲೂ ಬಿಡದೆ ಲ್ಯಾಪ್‌ಟಾಪ್ ತರಿಸಿದರು.

ಈ ಸಲ ಒಬ್ಬನೇ ಬಂದ. ತಂದೆ ಅಲೆಕ್ಸಾಂಡರ್, ತಾಯಿ ಮಾರ್ಗರೆಟ್ ಗೆಡ್ಡೆಸ್. ಅಬರ್ಡೀನಿನ ಕಡೆಯ ಕಡಲೂರು. ಹಡಗು ಹತ್ತಿಹೋದ ಎರಡನೆಯ ಚಳಿಗಾಲದಲ್ಲಿ ಸತ್ತಿದ್ದ. ಶ್ವಾಸಕೋಶದ ರೋಗ, ಗಣಿ ಕೆಲಸದವರನ್ನು ತಿನ್ನುವಂಥದ್ದು. ಹೆಂಡತಿ ಎಂಬ ಸಾಲಿನಲ್ಲಿ ರೋಸ್ ಹೆಸರಿತ್ತು. ಸಾವಿನ ಹೊತ್ತಿಗೆ ಜೊತೆಗಿದ್ದು ತಿಳಿಸಿದವಳು ತಂಗಿ ಇಸಬೆಲ್ಲಾ.

ಮಿಸ್ಸು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. "ತಾತ ಅಜ್ಜಿ ಹೆಸರು ಹೇಳಿದಾರೆ" ಎಂದರು. ಅವನನ್ನು ಅವರು ತಾತ ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಮುಖ ಬಿಗಿದುಕೊಂಡಿತು. "ಈ ಇಸಬೆಲ್ಲಾಗೂ ಗೊತ್ತಿತ್ತು. ನಾಲ್ಕು ಸಾಲು ಬರೆದಿದ್ರೆ ನಮ್ಮಮ್ಮ ಹಾಗೆ ಸಾಯ್ತಿರ್ಲಿಲ್ಲ. ಕಪ್ಪು ಹೆಂಡ್ತಿ ಅಂತ ಬಿಟ್ಳೋ ಏನೋ."

ಬರೆದದ್ದು ತಲುಪದೆಯೂ ಹೋಗಿರಬಹುದು ಎಂದೆ.

"ಇರಬಹುದು. ಅದನ್ನ ಈ ದಾಖಲೆ ಹೇಳಲ್ಲ, ನಾವೂ ಹೇಳೋದು ಬೇಡ" ಎಂದು ಕೊಡೆ ತೆಗೆದುಕೊಂಡರು. ಬಾಗಿಲವರೆಗೆ ಹೋಗಿ ನಿಂತು, "ಇಸಬೆಲ್ಲಾನೂ ಹುಡುಕು" ಎಂದರು.

ಜಗಳಕ್ಕೆ ಹುಡುಕುತ್ತಿದ್ದಾರೆ ಎಂದುಕೊಂಡೆ. ಇಸಬೆಲ್ಲಾ ಬೇಗ ಸಿಕ್ಕಿದಳು. ಅಣ್ಣ ಸತ್ತ ಮನೆಯಲ್ಲೇ, ಎಷ್ಟೋ ವರ್ಷಗಳ ನಂತರ, ಮದುವೆಯಿಲ್ಲದೆ ಸತ್ತಿದ್ದಳು. ತಿಳಿಸಿದವರು ನೆರೆಮನೆಯವರು. ಮಿಸ್ಸು ಓದಿ ಲ್ಯಾಪ್‌ಟಾಪ್ ಮುಚ್ಚಿದರು.

ಮರುವರ್ಷದ ನವೆಂಬರ್ ಎರಡರಂದು ನಾನು ಚರ್ಚಿನ ಕೊನೆಯ ಬೆಂಚಿನಲ್ಲಿದ್ದೆ. ಪಾದ್ರಿಗಳು ಸತ್ತವರ ಹೆಸರು ಓದುತ್ತ ಬಂದರು. ಜೇಮ್ಸ್ ರಾಬರ್ಟ್‌ಸನ್ ಎಂದಾಗ ಮಿಸ್ಸು ಎದ್ದು ನಿಂತರು. ಅಲ್ಲಿ ಹಾಗೆ ನಿಲ್ಲುವ ಪದ್ಧತಿಯಿಲ್ಲ, ಸುತ್ತಲಿನವರು ನೋಡಿದರು. ಕೂರುತ್ತಾರೆಂದುಕೊಂಡೆ, ಕೂರಲಿಲ್ಲ. ಮುಂದಿನ ಹೆಸರು ಇಸಬೆಲ್ಲಾ ರಾಬರ್ಟ್‌ಸನ್ ಎಂದು ಬಂತು. ಅದು ಮುಗಿದ ಮೇಲೆ ಕೂತರು.

ಹೊರಗೆ ಬಂದ ಮೇಲೆ ನಾನು ಕೇಳದೆಯೇ ಹೇಳಿದರು: "ಅವಳ ಮೇಲೆ ಕೋಪ ಹೋಗಿಲ್ಲ ಮಂಜು. ಆದ್ರೆ ತಾತನ್ನ ಕೊನೇವರೆಗೂ ನೋಡ್ಕೊಂಡಿದ್ದು ಅವಳೇ. ಅವಳ ಹೆಸರು ಹೇಳೋಕೆ ಯಾರಿದಾರೆ?"

ಫೆಬ್ರವರಿಯಲ್ಲಿ, ನಿದ್ದೆಯಲ್ಲೇ, ಮಿಸ್ಸು ತೀರಿಕೊಂಡರು. ಅದಕ್ಕೆ ಹಿಂದಿನ ಭಾನುವಾರ ಊಟ ಸೇರಲಿಲ್ಲ, ಮಜ್ಜಿಗೆ ಮಾತ್ರ ಕುಡಿದರು. ತಾತ ಸತ್ತ ಬೀದಿಯನ್ನು ತೋರಿಸಲಾಗುತ್ತದೆಯೇ ಎಂದು ಕೇಳಿದರು. ಬೀದಿಗಳ ಫೋಟೊ ಸಿಗುವ ನಕ್ಷೆ ತೆರೆದೆ. ಬೂದುಗಲ್ಲಿನ ಸಾಲುಮನೆಗಳು, ಒದ್ದೆ ರಸ್ತೆ, ಚೀಲ ಹಿಡಿದು ನಿಂತಲ್ಲೇ ನಿಂತ ಒಬ್ಬ ಹೆಂಗಸು. ದಾಖಲೆಯಲ್ಲಿದ್ದ ನಂಬರಿನ ಮನೆಗೆ ನೀಲಿ ಬಾಗಿಲಿತ್ತು, ಕಿಟಕಿಯಲ್ಲಿ ಯಾರದೋ ಬೆಕ್ಕು. ಮಿಸ್ಸು ಪರದೆಗೆ ಮುಖ ಹತ್ತಿರ ತಂದು ಆ ಬಾಗಿಲನ್ನು ನೋಡುತ್ತಲೇ ಇದ್ದರು. ಸಮುದ್ರ ಕಾಣುತ್ತದೆಯೇ ನೋಡು ಎಂದರು. ಬೀದಿಯ ತುದಿಯವರೆಗೆ ಒಯ್ದೆ. ಅಲ್ಲಿ ಕಬ್ಬಿಣದ ಕಂಬಿಗಳಾಚೆ ಸೀಸದ ಬಣ್ಣದ ನೀರು, ಒಂದು ದೋಣಿಯೂ ಇರಲಿಲ್ಲ.

ಹೊರಗೆ ಬಿಸಿಲು ಸುಡುತ್ತಿತ್ತು, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮಿಸ್ಸು ಕೈ ಒರೆಸಲು ಕೊಟ್ಟಿದ್ದ ಟವೆಲನ್ನು ಸೆರಗಿನಂತೆ ಹೆಗಲಿಗೆ ಎಳೆದುಕೊಂಡರು.

"ಸಾಕು ಕಣಮ್ಮ, ತುಂಬಾ ಚಳಿ ಇಲ್ಲಿ," ಎಂದರು. "ಕರ್ಕೊಂಡು ಬಂದ್ಬಿಡು ವಾಪಸ್ಸು."